ಹಿತಕಿದ ಬೇಳೆ

ಇವತ್ತು ಮುಕ್ಕಾಲು ಗಂಟೆ ಫೋನ್ ಮುಟ್ಟಲಿಲ್ಲ. ಮುಟ್ಟೋಕೆ ಆಗುತ್ತಲೂ ಇರಲಿಲ್ಲ ಬಿಡಿ, ಕೈಯೆಲ್ಲಾ ಅವರೆಕಾಳಿನ ಅಂಟು. ರಾತ್ರಿ ನೆನೆಸಿಟ್ಟ ಕಾಳನ್ನ ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಬೀಳುತ್ತದೆ. ಜಾಸ್ತಿ ಒತ್ತಿದರೆ ಸೀದಾ ಫ್ರಿಜ್ ಕೆಳಗೆ!

ಎರಡು ಸಲ ಫೋನ್ ಗುಂಯ್ ಅಂದಿತು. ಮೊದಲ ಸಲ ಮನಸ್ಸು ಅತ್ತ ಓಡಿತು, ಎರಡನೇ ಸಲ ಸುಮ್ನೆ ಕೇಳಿಸಿತು.

ಧ್ಯಾನದ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿ ಮೂರನೇ ದಿನಕ್ಕೇ ಬಿಟ್ಟವಳು ನಾನು. ಉಸಿರು ಗಮನಿಸಿ ಅಂದಾಗೆಲ್ಲ ಕರೆಂಟ್ ಬಿಲ್ಲು ನೆನಪಾಗುತ್ತಿತ್ತು. ಇವತ್ತು ಅಮ್ಮ "ಎಷ್ಟಾಯ್ತೇ?" ಅಂದಾಗಲೇ ನೋಡಿದ್ದು, ಅರ್ಧ ಕೆಜಿಯೂ ಮುಗಿದಿತ್ತು.

ಉಗುರಲ್ಲಿ ಇನ್ನೂ ಆ ಸೊಗಡಿನ ವಾಸನೆ, ಇದನ್ನ ಟೈಪ್ ಮಾಡುವಾಗಲೂ.