ಗದ್ದಲವಿಲ್ಲದ ಹಾದಿ

ಭಾನುವಾರ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನಿಂದ ಮರಳಿದ ಮೇಲೆ ನಾನು ಮಾಡಬೇಕಿದ್ದ ಕೆಲಸ ಬಹಳ ಸಣ್ಣದು. ನಮ್ಮ ಸೈಕಲ್ ಗುಂಪಿನವರಿಗಾಗಿ ಆ ಹಾದಿಯ ಬಗ್ಗೆ ಒಂದು ಟಿಪ್ಪಣಿ ಬರೆದು ಕಳಿಸಬೇಕಿತ್ತು. ಏರು ಎಲ್ಲೆಲ್ಲಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಡಾಂಬರು ಎಲ್ಲಿ ಮುಗಿದು ಮುರಂ ಶುರುವಾಗುತ್ತದೆ, ವಾಹನ ಸಂಚಾರ ಎಷ್ಟಿದೆ ಎಂಬ ನಾಲ್ಕು ಸಾಲು. ಮೂರು ಸಾಲುಗಳನ್ನು ಅಂದೇ ರಾತ್ರಿ ಬರೆದೆ. ನಾಲ್ಕನೆಯದು ಗುರುವಾರವಾದರೂ ಮುಗಿದಿರಲಿಲ್ಲ. ಬರೆಯಲು ಕುಳಿತಾಗಲೆಲ್ಲ ಆ ಮುದುಕಿಯ ಮಾತು ಅಡ್ಡ ಬರುತ್ತಿತ್ತು.

ಕಲಬುರಗಿಯಲ್ಲಿದ್ದು ಸೈಕಲ್ ತುಳಿಯುವವರಿಗೆ ಚಿಂಚೋಳಿಯ ಕಾಡು ಏಕೆ ಬೇಕಾಗುತ್ತದೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹುಮನಾಬಾದ್ ಹೆದ್ದಾರಿ ಹಿಡಿಯಿರಿ, ಸೇಡಂ ರಸ್ತೆ ಹಿಡಿಯಿರಿ, ಶಹಾಬಾದ್, ವಾಡಿಯ ಕಡೆ ಹೊರಳಿರಿ, ಸಿಮೆಂಟನ್ನೋ ಫರಸಿ ಕಲ್ಲನ್ನೋ ಹೇರಿಕೊಂಡ ಲಾರಿಗಳು ಮೈ ಸವರಿಕೊಂಡೇ ಹೋಗುತ್ತವೆ. ಅವು ಎಬ್ಬಿಸಿದ ಗಾಳಿಗೆ ಸೈಕಲ್ಲು ಒಂದು ಮೊಳ ಪಕ್ಕಕ್ಕೆ ಸರಿಯುತ್ತದೆ, ದೂಳು ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಆದ್ದರಿಂದ ಮಳೆ ಹಿಂದೆಗೆದು ಚಳಿ ಇನ್ನೂ ಬಲಿಯದ ಈ ವಾರಗಳಲ್ಲಿ ನಾವು ಮೂವರು ಸೈಕಲ್ಲುಗಳನ್ನು ಕಾರಿನ ಹಿಂದೆ ಬಿಗಿದುಕೊಂಡು, 80 ಕಿಲೋಮೀಟರಿಗೂ ಮಿಕ್ಕಿದ ದೂರದ ಚಿಂಚೋಳಿಗೆ ನಸುಕಿನಲ್ಲೇ ಹೋಗಿ, ಅಲ್ಲಿಂದ ತುಳಿಯಲು ಶುರು ಮಾಡುತ್ತೇವೆ. ಸೈಕಲ್ ತುಳಿಯುವುದಕ್ಕಾಗಿ ಕಾರು ಹತ್ತುವುದು ವಿಚಿತ್ರವೆಂದು ಇಷ್ಟು ವರ್ಷ ನನಗೆ ಅನಿಸಿರಲೇ ಇಲ್ಲ.

ಚಿಂಚೋಳಿ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಅಲ್ಲಿಯವರೆಗೆ ಕಣ್ಣು ಹಾಯುವಷ್ಟೂ ಎರೆ ಭೂಮಿ, ಅದರ ತುಂಬ ತೊಗರಿ. ಅಲ್ಲಿಂದ ಮುಂದೆ ಜಂಬಿಟ್ಟಿಗೆಯ ಕೆಂಪು ನೆಲ, ತೇಗ, ಮುತ್ತುಗ, ರಸ್ತೆಯ ಅಂಚಿನಲ್ಲಿ ಸೀತಾಫಲದ ಪೊದೆಗಳು. 134.88 ಚದರ ಕಿಲೋಮೀಟರಿನ ಈ ಕಾಡು ವನ್ಯಜೀವಿಧಾಮವಾದದ್ದು 2011ರಲ್ಲಿ. ಮಲೆನಾಡಿನವರು ಬಂದು ನೋಡಿದರೆ ಇದನ್ನು ಕಾಡೆಂದು ಒಪ್ಪಲಿಕ್ಕಿಲ್ಲ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಿನಲ್ಲಿ 42 ಡಿಗ್ರಿಯಲ್ಲಿ ಬೇಯುವ ಊರಿನವರಿಗೆ ಮಳೆಗಾಲ ಮುಗಿದ ಹೊತ್ತಿನ ಚಂದ್ರಂಪಳ್ಳಿ ಜಲಾಶಯ, ಅದರ ಸುತ್ತಣ ಹಸಿರು ಗುಡ್ಡ, ಇನ್ನೂ ಸಣ್ಣಗೆ ಧುಮುಕುತ್ತಿರುವ ಎತ್ತಿಪೋತ ಜಲಪಾತ ಇವೆಲ್ಲ ಸಾಕು, ಇನ್ನೇನೂ ಬೇಡ. ಜಲಪಾತದ ಹೆಸರಿನಲ್ಲೇ ತೆಲುಗಿದೆ; ಗಡಿ ಅಷ್ಟು ಹತ್ತಿರ.

ಆ ಹಾದಿಯ ಏರುಗಳು ಕಡಿದಾದವಲ್ಲ, ಉದ್ದನೆಯವು. ಹಗುರ ಗೇರಿನಲ್ಲಿ ಕುಳಿತೇ ಹತ್ತಬಹುದು, ಅವಸರ ಮಾಡಿದರೆ ಮಾತ್ರ ತೊಡೆ ಕಟ್ಟಿಕೊಳ್ಳುತ್ತದೆ. ಒಳಹಾದಿಗಳಲ್ಲಿ ಮುರಂ ಇರುವುದರಿಂದ ಸಪೂರ ಟೈರು ನಡೆಯುವುದಿಲ್ಲ, 32 ಮಿಲಿಮೀಟರಾದರೂ ಇರಬೇಕು, ಗಾಳಿಯನ್ನು ತುಸು ಇಳಿಸಿಕೊಳ್ಳಬೇಕು. ಜಾಲಿಮುಳ್ಳಿಗೆ ಹೆದರಿ ಒಬ್ಬೊಬ್ಬರು ಎರಡೆರಡು ಟ್ಯೂಬು ಇಟ್ಟುಕೊಳ್ಳಲೇಬೇಕು. ಇದನ್ನೆಲ್ಲ ನಾನು ಟಿಪ್ಪಣಿಯಲ್ಲಿ ಬರೆದಾಗಿದೆ. ಬರೆಯಲಾಗದ್ದು ಅಲ್ಲಿಯ ನಿಶ್ಶಬ್ದ. ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಹಾದಿಯಲ್ಲಿ ನಮಗೆ ಎದುರಾದದ್ದು ಎರಡು ಮೋಟರ್ ಸೈಕಲ್ಲು ಮತ್ತು ಒಂದು ಆಡಿನ ಹಿಂಡು. ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೆ ಹಿಂದಿನ ಚಕ್ರದ ಟಿಕ್ ಟಿಕ್ ಸದ್ದು, ಅದರ ಆಚೆಗೆ ಎಲ್ಲೋ ಕೂಗುವ ನವಿಲು, ಅಷ್ಟೇ. ಇಂಥ ರಸ್ತೆ ಈ ಮೂರು ಜಿಲ್ಲೆಗಳಲ್ಲಿ ಇನ್ನೊಂದಿಲ್ಲ ಎಂದು ನಾನು ಅಂದು ಎರಡು ಸಲ ಹೇಳಿದೆನಂತೆ. ಕಿರಿಯ ಗೆಳೆಯ ಲೆಕ್ಕವಿಟ್ಟಿದ್ದಾನೆ. ಅವನು ಎಲ್ಲದರ ಲೆಕ್ಕವಿಡುವವನು. ಫೋನಿನಲ್ಲಿ ದಾಖಲಾಗದ ಕಿಲೋಮೀಟರನ್ನು ಅವನು ತುಳಿದದ್ದೆಂದೇ ಎಣಿಸುವುದಿಲ್ಲ.

ಒಂದು ಲಂಬಾಣಿ ತಾಂಡಾಕ್ಕೆ ಒಳಹಾದಿ ಹೊರಳುವ ಕಡೆ ಆ ಗೆಳೆಯನ ಟ್ಯೂಬಿಗೆ ಮುಳ್ಳು ಹೊಕ್ಕಿತು. ಅವನು ಚಕ್ರ ಬಿಚ್ಚುತ್ತಿರುವಾಗ ತಲೆಯ ಮೇಲೆ ಸೀತಾಫಲದ ಬುಟ್ಟಿ ಹೊತ್ತ ಮುದುಕಿಯೊಬ್ಬಳು, ಅವಳ ಹಿಂದೆ ಸಣ್ಣ ಚೀಲ ಹಿಡಿದ, ಹದಿಮೂರೋ ಹದಿನಾಲ್ಕೋ ವಯಸ್ಸಿನ ಮೊಮ್ಮಗಳು ಬಂದು ನಿಂತರು. ಮುದುಕಿ ಬುಟ್ಟಿ ಇಳಿಸಲಿಲ್ಲ. ನಿಂತೇ ಮಾತಾಡಿದಳು.

“ಯಾ ಊರ್ರಿ?”

“ಕಲಬುರ್ಗಿ, ಅವ್ವಾ.”

“ಅಲ್ಲಿಂದ ಇದರ ಮ್ಯಾಲೇ ಬಂದೀರೇನ್ರಿ?”

“ಇಲ್ಲ, ಚಿಂಚೋಳಿತನಕ ಕಾರಿನಾಗ ಬಂದೀವಿ.”

“ಕಾರ್ ಅದ. ಮತ್ತ ಸೈಕಲ್ ಯಾಕ್ರಿ?”

ನಾನು ಬಹಳ ಸಂತೋಷದಿಂದ, ಅವಳ ಊರಿಗೇ ಒಂದು ಪ್ರಶಸ್ತಿ ಕೊಡುತ್ತಿರುವವನಂತೆ ಹೇಳಿದೆ: “ನಿಮ್ಮ ಕಡೀ ಹಾದ್ಯಾಗ ಗದ್ದಲ ಇಲ್ಲ ನೋಡವ್ವಾ, ಅದಕ್ಕ ಬರ್ತೀವಿ.”

“ಗದ್ದಲ ಹ್ಯಾಂಗ ಇರ್ತದ್ರಿ? ಬಸ್ಸೇ ಬರಂಗಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಒಬ್ಬ ಪರಊರಿನವನು ಒಂದು ವಿಷಯವನ್ನು ತಪ್ಪು ತಿಳಿದುಕೊಂಡಿದ್ದಾನೆ, ತಿದ್ದೋಣ ಎನ್ನುವಂತಿತ್ತು. ಶಾಲೆ ಇದ್ದ ದಿನಗಳಲ್ಲಿ ದೊಡ್ಡ ರಸ್ತೆಯ ಕ್ರಾಸಿನವರೆಗೆ ಒಂದು ಬಸ್ಸು ಬಂದು ಹೋಗುತ್ತದಂತೆ, ರಜೆಯಲ್ಲಿ ಅದೂ ಇಲ್ಲವಂತೆ. ಹಣ್ಣು ಮಾರಲು ಹೋಗುವವರು ಕ್ರಾಸಿಗೆ ನಡೆದು, ಅಲ್ಲಿ ಸಿಕ್ಕ ಜೀಪೋ ಟಂಟಂ ಗಾಡಿಯೋ ಹತ್ತಬೇಕು. “ಹೆಣ್ಣಮಕ್ಕಳಿಗಿ ಟಿಕೆಟ್ ಪುಕ್ಕಟ ಮಾಡ್ಯಾರ, ಕಾರ್ಡ್ ಚೀಲದಾಗೇ ಅದ,” ಎಂದು ಅವಳು ನಕ್ಕಳು. 2023ರ ಜೂನ್ 11ರಂದು ಆ ಯೋಜನೆ ಶುರುವಾದಾಗ ಕಲಬುರಗಿಯ ನಿಲ್ದಾಣದಲ್ಲಿ ಹೆಂಗಸರ ನೂಕುನುಗ್ಗಲು ಕಂಡು ನಾನು ಗೊಣಗಿದ್ದುಂಟು.

ಆಗ ನಮ್ಮ ಗುಂಪಿನ ಹಿರಿಯರು ಬಾಯಿ ಹಾಕಿದರು. ಅವರು ನಿವೃತ್ತ ಬ್ಯಾಂಕ್ ನೌಕರರು, ಒಳ್ಳೆಯ ಮನುಷ್ಯ, ಆದರೆ ಯಾರ ಕಷ್ಟ ಕೇಳಿದರೂ ಅವರಿಗೆ ಮೊದಲು ನೆನಪಾಗುವುದು ಒಂದು ನಮೂನೆ. “ಒಂದು ಅರ್ಜಿ ಬರದು ಕೊಡ್ರಿ, ಕೊಟ್ಟು ಸ್ವೀಕೃತಿ ತಗೋರಿ,” ಎಂದರು.

“ಕೊಟ್ಟಿದ್ವಿ ಸಾಹೇಬ್ರ. ಅರ್ಜಿ ಬರದಿದ್ದ ಹುಡುಗ ಈಗ ಪುಣೆದಾಗ ಅದಾನ.”

ಹಿರಿಯರು ಸುಮ್ಮನಾದರು. ಅವರು ಸುಮ್ಮನಾದದ್ದನ್ನು ನಾನು ನೋಡಿದ್ದು ಕಡಿಮೆ.

ಇಷ್ಟರಲ್ಲಿ ಹುಡುಗಿ ನನ್ನ ಸೈಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಹಲ್ಲುಚಕ್ರಗಳನ್ನು ಬೆರಳಿನಿಂದ ಮುಟ್ಟದೆ, ಗಾಳಿಯಲ್ಲೇ ಎಣಿಸುತ್ತಿದ್ದಳು. ಹತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡೆಂದೆ. ತಿರುಗಿಸಿದಳು, ಟಿಕ್ ಟಿಕ್ ಎಂದಿತು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ನಿನಗೆ ಸೈಕಲ್ ಬರುತ್ತದೆಯೇ ಎಂದು ಕೇಳಿದೆ. “ಬರ್ತದ. ಅಕ್ಕಗ ಸಾಲ್ಯಾಗ ಕೊಟ್ಟಿದ್ರು, ಅದರ ಮ್ಯಾಲ ಕಲ್ತೀನಿ. ನನಗ ಕೊಡಲಿಲ್ಲ,” ಎಂದಳು. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ತೊಡಗಿದ್ದು 2006-07ರಲ್ಲಿ. ಕೋವಿಡ್ ಬಂದ ಮೇಲೆ ಅದು ನಿಂತುಹೋಯಿತು. ಇಬ್ಬರು ಅಕ್ಕತಂಗಿಯರ ನಡುವೆ ಆ ನಿಲುಗಡೆ ಬಿದ್ದಿದೆ. ಅಕ್ಕನ ಸೈಕಲ್ಲಿಗೆ ಈಗ ಟೈರಿಲ್ಲವಂತೆ, ರಿಮ್ಮಿನ ಮೇಲೆಯೇ ನೂಕಿಕೊಂಡು ನೀರಿನ ಕೊಡ ತರುತ್ತಾರಂತೆ. ನನ್ನ ಚೀಲದಲ್ಲಿ ಎರಡು ಹೊಸ ಟ್ಯೂಬುಗಳಿದ್ದವು, ಆದರೆ ಅವು ಆ ಸೈಕಲ್ಲಿನ ಅಳತೆಯವಲ್ಲ. ಅಳತೆ ಹೊಂದಿದ್ದರೆ ಕೊಡುತ್ತಿದ್ದೆನೇ? ಮುಂದೆ ಇನ್ನೂ 30 ಕಿಲೋಮೀಟರ್ ಇತ್ತು, ಜಾಲಿಮುಳ್ಳಿನ ಹಾದಿ ಬೇರೆ. ಗೊತ್ತಿಲ್ಲ.

ನಾಲ್ಕು ಹಣ್ಣು ಕೊಂಡೆವು. ಅವರು ಕ್ರಾಸಿನ ಕಡೆ ಇಳಿದರು, ನಾವು ಕುಂಚಾವರಂ ಕಡೆ ಹತ್ತಿದೆವು. ಅಲ್ಲಿಂದ ಮುಂದೆ ರಸ್ತೆ ಇನ್ನೂ ಚೆಂದವಿತ್ತು, ಇನ್ನೂ ನಿಶ್ಶಬ್ದವಿತ್ತು, ಮತ್ತು ಪ್ರತಿ ಏರಿನಲ್ಲೂ ಉಸಿರಿನ ಲಯಕ್ಕೆ ಅದೇ ಮಾತು ಬಂದು ಕೂಡುತ್ತಿತ್ತು: ಗದ್ದಲ ಹ್ಯಾಂಗ ಇರ್ತದ್ರಿ. ಹಾದಿಬದಿಯ ತಾಂಡಾಗಳಲ್ಲಿ ಬೀಗ ಹಾಕಿದ ಮನೆಗಳನ್ನು ನಾನು ಹಿಂದೆಯೂ ನೋಡಿದ್ದೆ, ಅವುಗಳ ಫರಸಿ ಕಟ್ಟೆಯ ಮೇಲೆ ಕುಳಿತು ನೀರು ಕುಡಿದದ್ದೂ ಉಂಟು. ಮನೆಯವರು ಹೈದರಾಬಾದಿಗೋ ಮುಂಬೈಗೋ ಪುಣೆಗೋ ಗುಳೆ ಹೋಗಿರುತ್ತಾರೆ ಎಂದು ತಿಳಿಯದ್ದೇನಲ್ಲ. ಆದರೆ ನಾನು ಹುಡುಕಿಕೊಂಡು ಬರುವ ನಿಶ್ಶಬ್ದದಲ್ಲಿ ಆ ಬೀಗಗಳ ಪಾಲೂ ಇದೆ ಎಂದು ಕೂಡಿಸಿ ನೋಡಿರಲಿಲ್ಲ.

ಈ ವಾರವೆಲ್ಲ ಇನ್ನೊಂದು ವಿಷಯ ತಲೆಯಲ್ಲಿ ಸುತ್ತುತ್ತಿದೆ. ಲಂಬಾಣಿಗರು ಒಂದು ಕಾಲಕ್ಕೆ ದಖ್ಖನಿನ ಸಾಗಣೆಯನ್ನೇ ಹೊತ್ತಿದ್ದವರು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಂಡಿನ ಪಾಳೆಯಗಳಿಗೂ ಪೇಟೆಗಳಿಗೂ ಮುಟ್ಟಿಸುತ್ತಿದ್ದರು; ಅವರು ಬಾರದಿದ್ದರೆ ಸೈನ್ಯ ಉಪವಾಸ. ರೈಲು ಬಂದಿತು, ವಾಡಿಯಿಂದ ಸಿಕಂದರಾಬಾದಿನ ಹಳಿ 1874ರಲ್ಲಿ ತೆರೆಯಿತು, ಎತ್ತಿನ ಹೇರು ಯಾರಿಗೂ ಬೇಡವಾಯಿತು, ಅಲೆಯುತ್ತಿದ್ದವರು ಇಂಥ ಗುಡ್ಡಗಳ ಬದಿಯಲ್ಲಿ ನೆಲೆ ನಿಂತರು. ಅವರ ಮನೆತನದ ಹೆಣ್ಣುಮಗಳೊಬ್ಬಳು ಈಗ ಒಂದು ಬುಟ್ಟಿ ಹಣ್ಣನ್ನು ಪೇಟೆಗೆ ಮುಟ್ಟಿಸಲು ಕ್ರಾಸಿನಲ್ಲಿ ಜೀಪಿಗಾಗಿ ಕಾಯುತ್ತಾಳೆ.

ನಾನೇನು ಹುಟ್ಟಾ ಪಟ್ಟಣದವನಲ್ಲ. ನಮ್ಮೂರಿಗೆ ಮೊದಲ ಸಲ ಬಸ್ಸು ಬಂದ ದಿನ ಅಗಸಿ ಬಾಗಿಲಿಗೆ ಬಾಳೆಗೊನೆ ಕಟ್ಟಿದ್ದರು, ಅಜ್ಜಿ ಬಸ್ಸಿನ ಮೂತಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದಳು, ಡ್ರೈವರನಿಗೆ ಹಾಕಿದ ಚೆಂಡುಹೂವಿನ ಮಾಲೆ ಅವನ ಕನ್ನಡಕಕ್ಕೆ ಸಿಕ್ಕಿಕೊಂಡಿತ್ತು. ಹಾರ್ನಿನ ಸದ್ದು ಕೇಳಿದರೆ ಸಾಕು, ನಾವು ಹುಡುಗರು ಉಣ್ಣುವುದನ್ನು ಬಿಟ್ಟು ಓಡುತ್ತಿದ್ದೆವು. ಆ ಗದ್ದಲ ನಮಗೆ ಹಬ್ಬದಂತಿತ್ತು. ಈಗ ಅದರಿಂದ ತಪ್ಪಿಸಿಕೊಳ್ಳಲು ಕಾರಿನಲ್ಲಿ 80 ಕಿಲೋಮೀಟರ್ ಹೋಗುತ್ತೇನೆ.

ನಿನ್ನೆ ರಾತ್ರಿ ಕೊನೆಗೂ ಆ ನಾಲ್ಕನೆಯ ಸಾಲು ಬರೆದು ಕಳಿಸಿದೆ. “ಬಸ್ಸು: ಶಾಲೆ ಇದ್ದ ದಿನ ಒಂದು, ಕ್ರಾಸಿನವರೆಗೆ ಮಾತ್ರ. ರಜೆಯಲ್ಲಿ ಇಲ್ಲ.” ಹತ್ತು ನಿಮಿಷದೊಳಗೆ ಕಿರಿಯ ಗೆಳೆಯನ ಉತ್ತರ ಬಂದಿತು: “ಸರ, ನಾವು ಸೈಕಲ್ ಮ್ಯಾಲ ಹೋಗೋರು. ಇದ್ಯಾಕ ಬರದೀರಿ? ತೆಗೀಲೇನು?”

ಬೇಡ, ಇರಲಿ ಎಂದೆ.