ಸ್ಯಾಕ್ಸೋಫೋನ್ ಉಸಿರೆಳೆದುಕೊಂಡಾಗ

ದಾವಣಗೆರೆಯ ಪಿ.ಬಿ. ರಸ್ತೆಯ ಕಲ್ಯಾಣಮಂಟಪವೊಂದರಲ್ಲಿ ಆರತಕ್ಷತೆಯ ನಡುವೆ ಕರೆಂಟ್ ಹೋಗಿ, ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್, ಗಿಟಾರ್, ಮೈಕು ಎಲ್ಲವೂ ಒಟ್ಟಿಗೆ ನಿಂತವು. ಜನರೇಟರಿಗೆ ಡೀಸೆಲ್ ಹಾಕಿಸದಿದ್ದ ಮಾಲೀಕರು ವೇದಿಕೆಯ ಪಕ್ಕದಿಂದ, ನಿಲ್ಲಿಸಬೇಡಿ ಎಂದು ಕೈಸನ್ನೆ ಮಾಡುತ್ತಿದ್ದರು. ನುಡಿಸಲು ಉಳಿದವರು ಡ್ರಮ್ಸ್ ನುಡಿಸುವ ನಾನು ಮತ್ತು ಮರುದಿನದ ಮುಹೂರ್ತಕ್ಕೆಂದು ಬಂದಿದ್ದ ಓಲಗದ ಹಿರಿಯ ಸ್ಯಾಕ್ಸೋಫೋನ್ ವಾದಕರು.

ಅವರು ಹಳೆಯ ಚಿತ್ರಗೀತೆಯೊಂದನ್ನು ಎತ್ತಿಕೊಂಡರು. ಕಲಿಯುತ್ತಿದ್ದ ಜಾಝ್ ತೋರಿಸಲು ಇದೇ ಸಮಯವೆಂದು ನಾನು ರೈಡ್ ಎಂಬ ದೊಡ್ಡ ಸಿಂಬಲ್ (ಲೋಹದ ತಟ್ಟೆ) ಮೇಲೆ ಜಾಝಿನ ತೂಗುವ ಲಯವಾದ ಸ್ವಿಂಗ್ ಹಿಡಿದೆ. ಅವರು ಉಸಿರೆಳೆದುಕೊಳ್ಳಲು ನಿಂತ ಕಡೆಯಲ್ಲೆಲ್ಲ ಸೆಟ್ಟಿನ ಡ್ರಮ್ಮುಗಳಾದ ಟಾಮ್‌ಗಳ ಮೇಲೆ ಒಂದು ಫಿಲ್, ಅಂದರೆ ಸಂದು ತುಂಬುವ ಪೆಟ್ಟುಗಳ ಸಾಲು, ಸುರಿದೆ. ಅದು ಮುಂದಿನ ಬಾರಿನ (ತಾಳದ ಒಂದು ಸುತ್ತಿನ) ಒಂದನೆಯ ಮಾತ್ರೆಗೆ ಕ್ರ್ಯಾಶ್ ಸಿಂಬಲಿನ ಹೊಡೆತದೊಂದಿಗೆ ಮುಗಿಯುವಾಗ, ಅದಕ್ಕೂ ಅರ್ಧ ಮಾತ್ರೆ ಮೊದಲೇ ಹೊರಟಿದ್ದ ಅವರ ಸ್ವರ ನನ್ನ ಸದ್ದಿನಡಿ ಸಿಕ್ಕಿ ನಲುಗುತ್ತಿತ್ತು. ಕೊನೆಗೊಮ್ಮೆ ಅವರು ವಾದ್ಯವನ್ನು ತುಟಿಯಿಂದ ತೆಗೆದು, ನನ್ನನ್ನೇ ನೋಡುತ್ತ, ಇಡೀ ನಾಲ್ಕು ಬಾರ್ ಸುಮ್ಮನೆ ನಿಂತರು. ವಧೂವರರ ಮುಂದೆ ಸಾಲುಗಟ್ಟಿದ್ದ ಬಂಧುಗಳೂ ನಮ್ಮತ್ತ ತಿರುಗಿದರು. ಕೆಳಗಿಳಿದ ಮೇಲೆ ಅವರು ಹೇಳಿದ್ದು ಇಷ್ಟೇ: “ತಮ್ಮಾ, ನಾ ನುಡಿಸಿದ್ದನ್ನ ಬಾಯಾಗೆ ಹಾಡ್ಕಂಡು ನೋಡು, ಎಲ್ಲಿ ಹೊಡೀಬೇಕು ಗೊತ್ತಾಗ್ತತಿ.”

ಈಗ ನಾನು ಅಮೆರಿಕದ ಜಾಝ್ ವಾದಕ ಚಾರ್ಲಿ ಪಾರ್ಕರ್ ಅವರ ಸ್ಯಾಕ್ಸೋಫೋನ್ ಸೋಲೋಗಳನ್ನು ಸಾಲುಸಾಲಾಗಿ ಹಾಡಿಕೊಂಡು ಡ್ರಮ್ ಸೆಟ್ಟಿಗೆ ಇಳಿಸುತ್ತೇನೆ: ಗಿಡ್ಡ ಸ್ವರಕ್ಕೆ ಸ್ನೇರ್ ಡ್ರಮ್, ನೀಳ ಸ್ವರಕ್ಕೆ ಸಿಂಬಲ್ ಅಥವಾ ಬಝ್ ರೋಲ್ (ಕೋಲುಗಳನ್ನು ಒತ್ತಿ ಎಬ್ಬಿಸುವ ಎಡೆಬಿಡದ ಸದ್ದು), ಏಕೆಂದರೆ ಸ್ನೇರಿನ ಒಂಟಿ ಪೆಟ್ಟು ಹುಟ್ಟಿದಲ್ಲೇ ಸಾಯುತ್ತದೆ. ಅವರ ಸಾಲುಗಳು ಬಾರಿನ ನಡುವೆ ಶುರುವಾಗಿ, ಗೆರೆ ದಾಟಿ, ನಾವು ಎಣಿಸದ ಅರ್ಧ ಮಾತ್ರೆಯಲ್ಲಿ ಮುಗಿಯುವುದುಂಟು; ಒಂದನೆಯ ಮಾತ್ರೆ ಬಂತೆಂದರೆ ಕ್ರ್ಯಾಶ್ ಹುಡುಕುವ ಆರ್ಕೆಸ್ಟ್ರಾದ ಕೈಗೆ ಇದು ಬೇಗ ಒಗ್ಗುವುದಿಲ್ಲ. ಸೋಲೋದ ಸಂದುಗಳಲ್ಲಿ ಪಿಯಾನೋದವರ ಎಡಗೈ ಎಷ್ಟು ಕಡಿಮೆ ಕಾರ್ಡ್ (ಸ್ವರಗುಚ್ಛ) ಹಾಕುತ್ತದೆಂದು ಕೇಳಿ ಕೇಳಿ, ನನ್ನ ಎಡಗೈಯ ಕಾಂಪಿಂಗನ್ನೂ (ಸೋಲೋದ ಹಿಂದೆ ಹಾಕುವ ಪೂರಕ ಪೆಟ್ಟುಗಳನ್ನೂ) ತೆಳುಗೊಳಿಸಿದ್ದೇನೆ. 1940ರ ದಶಕದಲ್ಲಿ ಪಾರ್ಕರ್ ಜೊತೆ ನುಡಿಸಿದ ಡ್ರಮ್ಮರ್ ಮ್ಯಾಕ್ಸ್ ರೋಚ್, 1966ರಲ್ಲಿ ಹೊರಬಂದ ಒಂಟಿ ಡ್ರಮ್ ರಚನೆಯೊಂದರಲ್ಲಿ, ಕಾಲುಗಳಿಂದ ಮೂರು ಮಾತ್ರೆಯ ನಡೆಯನ್ನು ಬಿಡದೆ ಹಿಡಿದು, ಕೈಗಳಿಂದ ಪ್ರಶ್ನೆಯಂಥ ಸಾಲೊಂದನ್ನಿಟ್ಟು, ಬಿಡುವು ಕೊಟ್ಟು, ಆಮೇಲೆ ಉತ್ತರ ನುಡಿಸುತ್ತಾರೆ. ಆ ಬಿಡುವಿನಲ್ಲಿ ಬಾಸ್ ಡ್ರಮ್ ಮತ್ತು ಹೈಹ್ಯಾಟ್ (ಕಾಲಿನಿಂದ ಬಡಿಸುವ ಜೋಡಿ ಸಿಂಬಲ್) ಮಾತ್ರ ಕೇಳುತ್ತವೆ. ನಾನಾಗಿದ್ದರೆ ಅಲ್ಲಿ ಎರಡು ಫಿಲ್ ತುರುಕುತ್ತಿದ್ದೆ.

ಇಷ್ಟರಲ್ಲಿ ಮಾಲೀಕರು ಹೊಸ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ತಂದು, ಲೂಪ್ (ತಾನೇ ಮರುಕಳಿಸುವ ತಾಳ) ಹಾಕಿ ಅದರ ಮೇಲೆ ನುಡಿಸೆಂದು ಹಟ ಹಿಡಿದಿದ್ದಾರೆ. ಲೂಪು ಯಾರ ಉಸಿರಿಗೂ ಕಾಯುವುದಿಲ್ಲವಾದ್ದರಿಂದ, ಸ್ಯಾಕ್ಸೋಫೋನ್ ಇರುವ ಕಾರ್ಯಕ್ರಮಗಳಿಗೆ ಹೊರಡುವಾಗ ಪ್ಯಾಡಿನ ಅಡಾಪ್ಟರ್ ನನಗೆ ನೆನಪಾಗುವುದೇ ಇಲ್ಲ.