ಎಡಗಡೆಯ ಗುಳ್ಳೆ

ಆಗಸ್ಟ್ 2, 2025, ಶನಿವಾರ
ಯಮಲೂರು, ಬೆಂಗಳೂರು

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಆಚೆ ಹೋಗುವ ಮಾತೇ ಇಲ್ಲ. ಊಟದ ಮೇಜಿನ ಅರ್ಧ ಭಾಗ ಮೂರು ವಾರದಿಂದ ನನ್ನ ವಿಮಾನದ ವಶದಲ್ಲಿದೆ. ಉಳಿದರ್ಧದಲ್ಲಿ ಅಮ್ಮ ತಟ್ಟೆ ಇಡುತ್ತಾರೆ. ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದರಲ್ಲೇ ಎಲ್ಲಾ ಇದೆ.

ಕಟ್ಟುತ್ತಿರುವುದು ಕ್ಯಾಟಲೀನಾ. ಎರಡನೇ ಮಹಾಯುದ್ಧದ ಹಾರುವ ದೋಣಿ. 72ಕ್ಕೆ ಒಂದರ ಅಳತೆಯ ಪ್ಲಾಸ್ಟಿಕ್ ಕಿಟ್. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ 104 ಅಡಿ. ನನ್ನದು ಒಂದೂವರೆ ಅಡಿಗೆ ಸ್ವಲ್ಪ ಕಡಿಮೆ. ಆನ್‌ಲೈನಲ್ಲಿ ತರಿಸಿದ್ದು. ಡಬ್ಬಿ ಬಿಚ್ಚಿ ಎಣಿಸಿದರೆ ಒಂದು ಭಾಗ ಇಲ್ಲ. ಎಡಗಡೆಯ ಗಾಜಿನ ಗುಳ್ಳೆ. ಮಾರಿದವರಿಗೆ ಮೂರು ಸಲ ಬರೆದೆ. ಮೂರು ಸಲವೂ ವಿಷಾದ ಬಂತು, ಗುಳ್ಳೆ ಬರಲಿಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕ್ಯಾಟಲೀನಾ ಅಂದರೆ ಆ ಗುಳ್ಳೆಗಳೇ. ಒಡಲಿನ ಹಿಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಕಪ್ಪೆಯ ಕಣ್ಣಿನ ಹಾಗೆ ಉಬ್ಬಿಕೊಂಡಿರುತ್ತವೆ. ಗಂಟೆಗಟ್ಟಲೆ ಅದರೊಳಗೆ ಕೂತು ಸಮುದ್ರ ನೋಡುವುದೇ ಒಬ್ಬೊಬ್ಬನ ಕೆಲಸ. ಮೆಷಿನ್‌ಗನ್ ಇರುತ್ತಿದ್ದದ್ದೂ ಅಲ್ಲೇ. ನೀರಿಗಿಳಿದರೆ ಅದೇ ಬಾಗಿಲು. ಮುಳುಗುತ್ತಿರುವವನನ್ನು ಎಳೆದುಕೊಳ್ಳುತ್ತಿದ್ದದ್ದು ಅದರ ಮೂಲಕವೇ.

ಇವತ್ತೇ ಇದನ್ನು ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಸರಿಯಾಗಿ 80 ವರ್ಷದ ಹಿಂದೆ, 1945ರ ಆಗಸ್ಟ್ 2ರಂದು, ಇಂಥದ್ದೇ ಒಂದು ಕ್ಯಾಟಲೀನಾ ಮಾಡಬಾರದ ಕೆಲಸ ಮಾಡಿತು.

ಅಮೆರಿಕದ ಯುದ್ಧನೌಕೆ ಇಂಡಿಯಾನಾಪೊಲಿಸ್ ಅಣುಬಾಂಬಿನ ಭಾಗಗಳನ್ನು ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪಕ್ಕೆ ಮುಟ್ಟಿಸಿ ಮುಂದೆ ಹೊರಟಿತ್ತು. ಜುಲೈ 29 ಕಳೆದು 30 ಹುಟ್ಟುವ ನಡುರಾತ್ರಿ ಜಪಾನಿನ ಜಲಾಂತರ್ಗಾಮಿಯೊಂದು ಟಾರ್ಪಿಡೊ ಹೊಡೆಯಿತು. ಹಡಗಿನಲ್ಲಿ ಸುಮಾರು 1,200 ಜನ. ಅದು ಮುಳುಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಹಡಗು ಬರಬೇಕಿತ್ತು, ಬಂದಿಲ್ಲ ಅಂತ ಕೇಳಿದವರೂ ಇಲ್ಲ. ಬದುಕಿದವರು ಮೂರೂವರೆ ದಿನ ನೀರಲ್ಲೇ ಇದ್ದರು. ಬಿಸಿಲು, ಬಾಯಾರಿಕೆ, ಶಾರ್ಕ್. ಗಸ್ತಿನ ವಿಮಾನವೊಂದರ ಕಣ್ಣಿಗೆ ಅವರು ಬಿದ್ದದ್ದೂ ಅಕಸ್ಮಾತ್ತಾಗಿ.

ಸುದ್ದಿ ಕೇಳಿ ಕ್ಯಾಟಲೀನಾ ಹಾರಿಸಿಕೊಂಡು ಬಂದವರು ಏಡ್ರಿಯನ್ ಮಾರ್ಕ್ಸ್. ಊರಲ್ಲಿ ವಕೀಲರು, ಯುದ್ಧದಲ್ಲಿ ಪೈಲಟ್. ತೆರೆದ ಸಮುದ್ರದಲ್ಲಿ ಇಳಿಯಬಾರದು ಅಂತ ಅವರಿಗೆ ಆದೇಶವಿತ್ತು. ಅಲೆಗಳು 12 ಅಡಿ ಎತ್ತರ. ಮೇಲಿಂದ ನೋಡಿದರೆ ಶಾರ್ಕ್‌ಗಳು ಕಾಣುತ್ತಿದ್ದವು. ಜೊತೆಯವರನ್ನು ಕೇಳಿದರು, ಇಳಿಯೋಣವಾ? ಎಲ್ಲರೂ ಹೂಂ ಅಂದರು. ಇಳಿಸಿದರು. ಅಲೆಯ ಮೇಲೆ ಇಳಿಸಿದರು ಅನ್ನುವುದಕ್ಕಿಂತ ಬೀಳಿಸಿದರು ಅನ್ನುವುದೇ ಸರಿ. ಒಡಲಿನ ರಿವೆಟ್‌ಗಳು ಕಿತ್ತುಬಂದವು. ಒಳಗೆ ನೀರು ಸೋರುತ್ತಿತ್ತು, ಮೊಗೆದು ಹೊರಗೆ ಹಾಕುತ್ತಿದ್ದರು.

ಗುಂಪಾಗಿ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದವರನ್ನು ಮಾರ್ಕ್ಸ್ ಮೊದಲು ಎತ್ತಿಕೊಳ್ಳಲಿಲ್ಲ. ಒಂಟಿಯಾಗಿ ತೇಲುತ್ತಿದ್ದವರನ್ನು ಹುಡುಕಿ ಹುಡುಕಿ ಎತ್ತಿಕೊಂಡರು. ಗುಂಪಿನವರು ಇನ್ನೊಂದಷ್ಟು ಹೊತ್ತು ತಡೆದಾರು, ಒಂಟಿಯಾದವನು ತಡೆಯಲಾರ ಅನ್ನುವ ಲೆಕ್ಕ. ಎಂಥಾ ಲೆಕ್ಕ ನೋಡಿ. ಬಿಟ್ಟು ಹೋಗುವಾಗ ಗುಂಪಿನವರ ಮುಖ ಹೇಗಿದ್ದಿರಬೇಕು?

ಒಳಗೆ ಜಾಗ ತುಂಬಿತು. ಆಮೇಲೆ ಬಂದವರನ್ನು ರೆಕ್ಕೆಯ ಮೇಲೆ ಮಲಗಿಸಿ ಪ್ಯಾರಾಚೂಟ್ ಹಗ್ಗದಿಂದ ಕಟ್ಟಿದರು. ಒಟ್ಟು 56 ಜನ. ಇನ್ನು ಅದು ಹಾರುವ ಹಾಗಿರಲಿಲ್ಲ, ಸುಮ್ನೆ ತೇಲುತ್ತಾ ಕಾಯಿತು. ರಾತ್ರಿ ಹಡಗು ಬಂತು, ಆಕಾಶಕ್ಕೆ ಸರ್ಚ್‌ಲೈಟ್ ಹಾಕಿಕೊಂಡು. ಎಲ್ಲರನ್ನೂ ಅದಕ್ಕೆ ದಾಟಿಸಿದರು. ಮರುದಿನ ಆ ಕ್ಯಾಟಲೀನಾಕ್ಕೆ ಅದೇ ಹಡಗಿನಿಂದ ಗುಂಡು ಹೊಡೆದು ಮುಳುಗಿಸಿದರು. ಕಡೆಗೆ ಬದುಕಿ ಬಂದವರು ಎಲ್ಲಾ ಸೇರಿ 316. ಅದರಲ್ಲಿ 56 ಈ ಒಂದು ವಿಮಾನದ ಪಾಲು.

ನನಗೆ ಹುಚ್ಚು ಹಿಡಿಸಿದ್ದು ಇದೇ ಕಥೆ. ಬ್ರಿಟಿಷರ ಫೈಟರ್ ವಿಮಾನ ಸ್ಪಿಟ್‌ಫೈರ್ ಚೆಂದ, ಇಲ್ಲ ಅನ್ನಲ್ಲ. ಆದರೆ ಚೂರಿಯೂ ಚೆಂದ ಇರುತ್ತದೆ. ಕ್ಯಾಟಲೀನಾ ಚೆಂದ ಇಲ್ಲ. ಎಮ್ಮೆಗೆ ರೆಕ್ಕೆ ಬಂದ ಹಾಗಿದೆ. ಆರಾಮಾಗಿ ಹಾರಿದರೆ ಗಂಟೆಗೆ 200 ಕಿಲೋಮೀಟರ್. ಆದರೆ ಆ ನಿಧಾನವೇ ಅದರ ಕಸುಬು. ಬೇಗ ಹೋಗುವವನಿಗೆ ನೀರಲ್ಲಿ ತಲೆ ಕಾಣುತ್ತದಾ? ಅದೂ ಬಾಂಬು ಹಾಕಿದೆ, ಟಾರ್ಪಿಡೊ ಹೊತ್ತಿದೆ, ಮರೆಯುವ ಹಾಗಿಲ್ಲ. ಆದರೂ ಯುದ್ಧದ ಯಂತ್ರಗಳ ಪೈಕಿ, ಕೆಳಗೆ ಇಳಿದು "ಬಾ ಹತ್ತು" ಅಂದವು ಎಷ್ಟಿವೆ?

ಮಧ್ಯಾಹ್ನ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗ ಬಂದ. "ಅಂಕಲ್, ಇದು ದೋಣಿನಾ ವಿಮಾನಾನಾ?"

ಒಳ್ಳೇ ಪ್ರಶ್ನೆ. ಮಾಮೂಲಿ ವಿಮಾನಕ್ಕೆ ಚಕ್ರದ ಜಾಗದಲ್ಲಿ ಎರಡು ತೆಪ್ಪ ಕಟ್ಟಿದರೆ ಅದು ಫ್ಲೋಟ್‌ಪ್ಲೇನ್. ಮಾಲ್ಡೀವ್ಸ್‌ಗೆ ಹೋಗಿಬಂದವರ ಫೋಟೋದಲ್ಲಿ ಇರುತ್ತಲ್ಲ, ಅದು. ಹಾರುವ ದೋಣಿ ಬೇರೆ. ಅದರ ಒಡಲೇ ದೋಣಿ. ಹೊಟ್ಟೆ ನೀರಲ್ಲಿ ಕೂರುತ್ತದೆ. ರೆಕ್ಕೆಗೂ ಎಂಜಿನ್‌ಗೂ ನೀರು ಚಿಮ್ಮಬಾರದು ಅಂತ ಅವನ್ನು ತಲೆಯ ಮೇಲೆ ಎತ್ತಿಟ್ಟಿರುತ್ತಾರೆ. ಕ್ಯಾಟಲೀನಾದಲ್ಲಿ ರೆಕ್ಕೆ ಒಂದು ಕುತ್ತಿಗೆಯ ಮೇಲೆ ನಿಂತಿದೆ. ಆ ಕುತ್ತಿಗೆಯೊಳಗೆ ಫ್ಲೈಟ್ ಎಂಜಿನಿಯರ್‌ನ ಸೀಟು. ಹಾರುವಾಗ ರೆಕ್ಕೆ ತುದಿಯ ಪುಟ್ಟ ತೆಪ್ಪಗಳು ಮೇಲಕ್ಕೆ ಮಡಚಿಕೊಂಡು ರೆಕ್ಕೆಯ ತುದಿಯೇ ಆಗಿಬಿಡುತ್ತವೆ. 1935ರಲ್ಲಿ ಮೊದಲು ಹಾರಿದ ವಿಮಾನದಲ್ಲಿ ಇಂಥ ಜಾಣತನ!

ಹೊಟ್ಟೆ ಕೆಳಗಿನ ಮೆಟ್ಟಿಲನ್ನೂ, ಅಂದರೆ ತಳ ಥಟ್ಟನೆ ಒಂದು ಹಂತ ಮೇಲಕ್ಕೆ ಸರಿಯುವ ಜಾಗವನ್ನೂ, ಹುಡುಗನಿಗೆ ತೋರಿಸಿದೆ. ಅಡುಗೆಮನೆಯ ಒದ್ದೆ ಸ್ಲ್ಯಾಬ್ ಮೇಲೆ ತಟ್ಟೆ ಕಚ್ಚಿಕೊಂಡರೆ ಎತ್ತಲು ಬರುವುದಿಲ್ಲ ಅಲ್ವಾ? ಒಂದು ಅಂಚು ಎತ್ತಿ ಗಾಳಿ ಬಿಟ್ಟರೆ ಬಂದುಬಿಡುತ್ತದೆ. ನೀರು ದೋಣಿಯ ತಳವನ್ನೂ ಹಾಗೇ ಕಚ್ಚುತ್ತದೆ. ಓಟದ ಮಧ್ಯೆ ಆ ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿದರೆ ಹಿಡಿತ ತಪ್ಪುತ್ತದೆ, ವಿಮಾನ ಮೇಲೇಳುತ್ತದೆ. ನೀರು ಕನ್ನಡಿಯ ಹಾಗೆ ನಿಂತಿದ್ದರೆ ಕಷ್ಟ ಜಾಸ್ತಿ. ಅಲೆ ಇಲ್ಲದಿದ್ದರೆ ಹಿಡಿತ ಸುಲಭಕ್ಕೆ ಬಿಡದು. ಇಳಿಯುವಾಗಲೂ ನೀರು ಎಲ್ಲಿದೆ ಅಂತ ಕಣ್ಣಿಗೆ ಗೊತ್ತೇ ಆಗದು. ಸಣ್ಣ ಅಲೆ ಇದ್ದರೇ ವಾಸಿ.

ಹುಡುಗ ತಲೆಯಾಡಿಸಿ, "ನಮ್ಮ ಕೆರೆಗೆ ಇಳಿಯುತ್ತಾ?" ಅಂದ.

ಇಳಿಯುತ್ತಿತ್ತು ಕಣೋ ಅಂದೆ. ನಂಬಲಿಲ್ಲ. ಅವನು ಹುಟ್ಟಿದ ಮೇಲೆ ಬೆಳ್ಳಂದೂರು ಕೆರೆ ಅಂದರೆ ಕೋಡಿಯಲ್ಲಿ ನೊರೆ, ನೀರಿನ ಮೇಲೆ ಬೆಂಕಿ, ಹೂಳೆತ್ತುವ ಲಾರಿ. ಆದರೆ ಇದೇ ಕೆರೆಗೆ ಯುದ್ಧಕಾಲದಲ್ಲಿ ಕ್ಯಾಟಲೀನಾಗಳು ಇಳಿಯುತ್ತಿದ್ದವು. ಇಳಿದು ರಿಪೇರಿಗೆ ಇಲ್ಲೇ ಪಕ್ಕದ ಎಚ್ಎಎಲ್‌ಗೆ. ಆಗ ಅದರ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಮೈಸೂರು ಸರ್ಕಾರದ ಬೆಂಬಲದಿಂದ ವಾಲ್‌ಚಂದ್ ಹೀರಾಚಂದ್ ಅವರು 1940ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು. 1943ರಲ್ಲಿ ಅಮೆರಿಕದ ಸೇನೆಯ ವಾಯುದಳ ಅದನ್ನು ವಹಿಸಿಕೊಂಡು 84ನೇ ಏರ್ ಡಿಪೋ ಅಂತ ಕರೆಯಿತು. ಅಲ್ಲಿ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿದ ಮೊದಲ ವಿಮಾನವೇ ಕ್ಯಾಟಲೀನಾ. ಸಮುದ್ರ ಇಲ್ಲದ ಊರಿಗೆ ಹಾರುವ ದೋಣಿ ಬಂದದ್ದು ಕೆರೆ ಕಟ್ಟಿಸಿದ ಪುಣ್ಯಾತ್ಮರ ದಯೆಯಿಂದ. ಅವರು ಗದ್ದೆಗೆ ನೀರು ಬೇಕು ಅಂತ ಕಟ್ಟಿಸಿದ್ದು, ಪಾಪ.

ಸಂಜೆ ಮಳೆ ಸ್ವಲ್ಪ ನಿಂತಾಗ ಏರಿ ಕಡೆ ಹೋಗಿ ಬಂದೆ. ಆ ಕಡೆಯಿಂದ ಒಂದು ಬಿಳಿ ಹೊಟ್ಟೆ ನಿಧಾನಕ್ಕೆ ಇಳಿದು, ನೀರು ಸೀಳಿ, ಎಮ್ಮೆ ಹಾಗೆ ಕೂತುಬಿಟ್ಟರೆ ಹೇಗಿರುತ್ತದೆ ಅಂತ ನೋಡುತ್ತಾ ನಿಂತೆ. ಸೊಳ್ಳೆ ಬಿಡಲಿಲ್ಲ.

ವಾಪಸ್ ಬರುವಾಗ ತಲೆಯಲ್ಲಿ ಇನ್ನೊಂದು ಕೆರೆ ಓಡುತ್ತಿತ್ತು. ಶ್ರೀಲಂಕಾದ ಗಾಲೆ ಹತ್ತಿರದ ಕೊಗ್ಗಲ. 1942ರಲ್ಲಿ ಸಿಂಗಪುರ ಬಿದ್ದ ಮೇಲೆ ಆಸ್ಟ್ರೇಲಿಯಾ ಇಂಗ್ಲೆಂಡ್ ನಡುವಿನ ವಿಮಾನದಾರಿ ಕಡಿದುಹೋಯಿತು. ಮರುವರ್ಷ ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಾಸ್‌ನವರು ಐದು ಕ್ಯಾಟಲೀನಾ ಹಿಡಿದು ಪರ್ತ್‌ನ ಸ್ವಾನ್ ನದಿಯಿಂದ ಕೊಗ್ಗಲಕ್ಕೆ ನೇರ ಹಾರಿದರು. 5,600 ಕಿಲೋಮೀಟರಿಗೂ ಜಾಸ್ತಿ, ಪೂರಾ ಹಿಂದೂ ಮಹಾಸಾಗರ. 27ರಿಂದ 33 ಗಂಟೆ. ಹೆಚ್ಚೂಕಮ್ಮಿ ನಾವು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದಿಲ್ಲಿಗೆ ಹೋದ ಹಾಗೆ, ಚಹಾ ಮಾರುವವರಿಲ್ಲದೆ. ಇಂಧನವೇ ಅಷ್ಟು ತೂಕ, ಹಾಗಾಗಿ ಮೂರೇ ಪ್ರಯಾಣಿಕರು, 69 ಕೆಜಿ ಅಂಚೆ. ಬಂದೂಕು ಇಲ್ಲ. ಜಪಾನಿನವರಿಗೆ ಗೊತ್ತಾಗಬಾರದು ಅಂತ ರೇಡಿಯೋದಲ್ಲಿ ಮಾತೂ ಇಲ್ಲ. ನಕ್ಷತ್ರ ನೋಡಿ ದಾರಿ ಹಿಡಿಯಬೇಕು. ವಿಮಾನಗಳಿಗೂ ನಕ್ಷತ್ರಗಳದ್ದೇ ಹೆಸರು.

ಒಂದೇ ಪ್ರಯಾಣದಲ್ಲಿ ಎರಡು ಸಲ ಸೂರ್ಯ ಹುಟ್ಟುತ್ತಿದ್ದ. ಅದಕ್ಕೇ ಆ ಹಾರಾಟಕ್ಕೆ ಎರಡು ಸೂರ್ಯೋದಯ ಅನ್ನುವ ಹೆಸರು. ಪ್ರಯಾಣಿಕರಿಗೆ ಎರಡು ಸೂರ್ಯೋದಯದ ಗುಪ್ತ ಕೂಟಕ್ಕೆ ಸೇರಿದಿರಿ ಅಂತ ಸರ್ಟಿಫಿಕೇಟ್ ಕೊಡುತ್ತಿದ್ದರು. 1945ರವರೆಗೆ 271 ಸಲ ದಾಟಿದರು. ಯುದ್ಧ ಮುಗಿದ ಮೇಲೆ ಆ ವಿಮಾನಗಳನ್ನೂ ಸಮುದ್ರದಲ್ಲಿ ಮುಳುಗಿಸಿದರು. ಅಮೆರಿಕದಿಂದ ಎರವಲು ತಂದವು, ಕರಾರು ಹಾಗಿತ್ತು. ಈ ಜಾತಿಯ ವಿಮಾನಕ್ಕೆ ಮುಳುಗಿಸಿಕೊಳ್ಳುವ ಹಣೆಬರಹ.

ಹಾರುವ ದೋಣಿಗಳ ಕಾಲ ಮುಗಿದದ್ದೂ ಯುದ್ಧದಿಂದಲೇ. ಸೇನೆಗಳು ಕಂಡಕಂಡ ದ್ವೀಪದಲ್ಲೆಲ್ಲಾ ಕಾಂಕ್ರೀಟ್ ರನ್‌ವೇ ಹಾಕಿದವು. ದೂರ ಹಾರುವ ಚಕ್ರದ ವಿಮಾನಗಳು ಬಂದವು. ಮತ್ತೆ ನೀರು ಯಾಕೆ? ಉಪ್ಪುನೀರು ತಗಡನ್ನು ತಿನ್ನುತ್ತದೆ ಬೇರೆ. ಮೂರು ಸಾವಿರಕ್ಕೂ ಜಾಸ್ತಿ ಕಟ್ಟಿದ ಕ್ಯಾಟಲೀನಾಗಳಲ್ಲಿ ಈಗ ಹಾರುವವು ಬೆರಳೆಣಿಕೆಯಷ್ಟು. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿರುವ ಒಂದು, 2020ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರಕ್ಕಿಳಿದು ಎಂಜಿನ್ ಕೈಕೊಟ್ಟು ಅಲ್ಲೇ ಸಿಕ್ಕಿಕೊಂಡಿತು. ದಿನಗಟ್ಟಲೆ ತೇಲುತ್ತಾ ಕೂತಿದ್ದದ್ದನ್ನು ಕೊನೆಗೆ ಕ್ರೇನ್ ತಂದು ಎತ್ತಿದರು. ದಡದಲ್ಲಿ ನಿಂತು ನೋಡಿದವರಿಗೆ, ಆ ಸರೋವರದಲ್ಲಿ ಇದೆಯೆಂದು ಕಥೆ ಹೇಳುವ ಭೂತಪ್ರಾಣಿಗಿಂತ ಇದೇ ವಾಸಿ ಅನ್ನಿಸಿರಬೇಕು.

ಸರಿ, ಗುಳ್ಳೆ. ರಾತ್ರಿ ಏಳಕ್ಕೆ ದಾರಿ ಹೊಳೆಯಿತು. ಅಮ್ಮನ ಕ್ಯಾಲ್ಸಿಯಂ ಮಾತ್ರೆಯ ಶೀಟ್! ದಪ್ಪ ಮಾತ್ರೆ, ಉದ್ದನೆಯ ಉಬ್ಬು, ಪಾರದರ್ಶಕ ಪ್ಲಾಸ್ಟಿಕ್. ಒಂದು ಉಬ್ಬು ಕತ್ತರಿಸಿ, ಅಂಚನ್ನು ಉಗುರು ಉಜ್ಜುವ ಅರದಲ್ಲಿ ಉಜ್ಜಿ, ತೂತಿಗೆ ಹಿಡಿದರೆ ಕೂದಲೆಳೆಯಷ್ಟೇ ವ್ಯತ್ಯಾಸ. ಸೂಪರ್‌ಗ್ಲೂ ಹಾಕಿದರೆ ಪ್ಲಾಸ್ಟಿಕ್ ಮಂಜಾಗುತ್ತದೆ ಅಂತ ಬಿಳಿ ಫೆವಿಕಾಲ್ ಹಚ್ಚಿ ಉಸಿರು ಹಿಡಿದು ಕೂರಿಸಿದೆ.

ಊಟದ ಹೊತ್ತಿಗೆ ಅಮ್ಮ ಶೀಟ್ ಹಿಡಿದುಕೊಂಡು ಬಂದರು. "ಇದನ್ನ ಇಲಿ ಕಡಿದಿದೆಯೇನೋ?"

ಬಟ್ಟಲಲ್ಲಿಟ್ಟಿದ್ದ ಮಾತ್ರೆ ಕೊಟ್ಟು ವಿಷಯ ಹೇಳಿದೆ. ಕನ್ನಡಕ ಏರಿಸಿ ಬಗ್ಗಿ ಗುಳ್ಳೆಯೊಳಗೆ ಇಣುಕಿದರು. ಸುಮಾರು ಹೊತ್ತು ಇಣುಕಿದರು.

"ಇದರಲ್ಲಿ 56 ಜನ ಹೆಂಗೆ ಹಿಡಿಸಿದ್ರು?"

"ಹಿಡಿಸ್ಲಿಲ್ಲಮ್ಮ. ಮಿಕ್ಕವರನ್ನ ರೆಕ್ಕೆ ಮೇಲೆ ಮಲಗಿಸಿದ್ರು."

"ರಾತ್ರಿಯೆಲ್ಲಾನಾ? ಚಳಿಗೆ ಹೊದಿಕೆ ಏನಾದ್ರೂ ಕೊಟ್ರೋ ಇಲ್ವೋ?"

ನನಗೆ ಉತ್ತರ ಬರಲಿಲ್ಲ. ಅಮ್ಮ ಸಾರಿನ ಪಾತ್ರೆಯನ್ನು ರೆಕ್ಕೆಗೆ ತಾಗದ ಹಾಗೆ ಆಚೆ ಸರಿಸಿ ಬಡಿಸಿದರು.